ಅರಿವಳಿಕೆ, ಇಲಿಯ ಮಿದುಳು, ನನ್ನ ಪೈಥಾನ್ ಕೋಡ್: ಮೂರನೇ ವಾರ

ಸೋಮವಾರಪೇಟೆಯಲ್ಲಿ ಆರು ದಿನದಿಂದ ಮಳೆ ಬಿಟ್ಟಿಲ್ಲ. ಕರೆಂಟ್ ಬಂದಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟು, ರಾತ್ರಿ ಕೂತು ಕೋಡ್ ಬರೆಯುತ್ತಿದ್ದೇನೆ. ಅರಿವಳಿಕೆ ಕೊಟ್ಟ ಇಲಿಯ ಮಿದುಳಿನ ಚಟುವಟಿಕೆ ತೋರಿಸುವ ಎಫ್ಎಂಆರ್‌ಐ ಸಿಗ್ನಲ್ ಹೇಗೆ ಬದಲಾಗುತ್ತದೆ ಎಂದು ಲೆಕ್ಕದಲ್ಲೇ ಮಾಡಿ ನೋಡುವುದು ನನ್ನ ಆಸೆ. ಇಲಿ ಇಲ್ಲ, ಸ್ಕ್ಯಾನರ್ ಇಲ್ಲ.

ಈ ವಾರ ನನ್ನದೇ ಒಂದು ದೊಡ್ಡ ತಪ್ಪು ಸಿಕ್ಕಿತು. ಐಸೋಫ್ಲುರೇನ್ ಎಂಬ, ಉಸಿರಿನಲ್ಲಿ ಕೊಡುವ ಅರಿವಳಿಕೆಯನ್ನು ಹೆಚ್ಚಿಸಿದಾಗ ಸಿಗ್ನಲ್ ಇಳಿಯಬೇಕಿತ್ತು. ಅದಕ್ಕೆ ನರಕೋಶಗಳ ಚಟುವಟಿಕೆ ತಗ್ಗಿಸಿದ್ದೆ, ಗ್ರಾಫೂ ಇಳಿದಿತ್ತು. ಮಂಗಳವಾರ ಸುಮ್ನೆ ಇನ್ನೊಂದು ಮಾಡಿ ನೋಡಿದೆ. ನರಕೋಶಗಳನ್ನು ಮುಟ್ಟಲೇ ಇಲ್ಲ, ರಕ್ತನಾಳವನ್ನು ಮಾತ್ರ ಮೊದಲೇ ಹಿಗ್ಗಿಸಿಟ್ಟೆ. ಆಗಲೂ ಗ್ರಾಫ್ ಹಾಗೇ ಇಳಿಯಿತು! ಇಳಿಕೆಗೆ ನರಕೋಶವೊಂದೇ ಕಾರಣ ಎಂದುಕೊಂಡಿದ್ದೇ ನನ್ನ ತಪ್ಪು. ತುಂಬ ಹೊತ್ತು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಾ ಕೂತೆ.

ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಅದೇ ಲೆಕ್ಕ. ವಾಲ್ವ್ ಆಗಲೇ ಪೂರ್ತಿ ತೆರೆದಿದ್ದರೆ ಇನ್ನೂ ತಿರುಗಿಸಿ ಏನು ಬಂತು? ಐಸೋಫ್ಲುರೇನ್ ನರಗಳನ್ನೂ ಮಂಕು ಮಾಡುತ್ತದೆ, ನಾಳವನ್ನೂ ಹಿಗ್ಗಿಸುತ್ತದೆ. ಸ್ಕ್ಯಾನರ್ ಅಳೆಯುವುದು ನರಗಳ ಮಾತನ್ನಲ್ಲ, ರಕ್ತದ ಆಮ್ಲಜನಕದಿಂದ ಆಗುವ ಬದಲಾವಣೆಯನ್ನು. 1990ರಲ್ಲಿ ವಿಜ್ಞಾನಿ ಸೇಜಿ ಒಗಾವಾ ಮತ್ತು ಜೊತೆಗಾರರು ಇಲಿಯ ಮಿದುಳಿನಲ್ಲಿ ಈ ಸಿಗ್ನಲ್ ತೋರಿಸಿದ ಪ್ರಬಂಧದಲ್ಲೇ ಅರಿವಳಿಕೆಯಿಂದ ಅದು ಬದಲಾಗುವುದೂ ಇತ್ತು. ನಾನು ಅಲ್ಲಿಂದಲೇ ಶುರು ಮಾಡಬೇಕಿತ್ತು.

ಮೆಡೆಟೊಮಿಡಿನ್ ಎಂಬ ಇನ್ನೊಂದು ಮಂಪರಿನ ಔಷಧಿಯನ್ನು ಲೆಕ್ಕಕ್ಕೆ ಹಾಕುವಾಗ ನಮ್ಮ ನಾಯಿ ನೆನಪಾಯಿತು. ಹೋದ ವರ್ಷ ಅದರ ಕಾಲಿಗೆ ಹೊಲಿಗೆ ಹಾಕುವ ಮುಂಚೆ ಪಶುವೈದ್ಯರು ಕ್ಸೈಲಜಿನ್ ಎಂಬ ಮಂಪರಿನ ಔಷಧಿ ಚುಚ್ಚಿದ್ದರು. "ಒಸಡು ನೋಡಿ," ಅಂದರು. ಗುಲಾಬಿ ಬಣ್ಣ ಹೋಗಿ ಬಿಳಿಚಿಕೊಂಡಿತ್ತು. ತೊಡೆಯ ಒಳಗೆ ಬೆರಳಿಟ್ಟರೆ ನಾಡಿ ನಿಧಾನ, ಒಂದು ಬಡಿತಕ್ಕೂ ಇನ್ನೊಂದಕ್ಕೂ ಭಯವಾಗುವಷ್ಟು ಅಂತರ. ಮೆಡೆಟೊಮಿಡಿನ್ ಅದೇ ಗುಂಪಿನ ಔಷಧಿ, ನಾಳವನ್ನು ಬಿಗಿ ಮಾಡುತ್ತದೆ. ಐಸೋಫ್ಲುರೇನ್, ಮೆಡೆಟೊಮಿಡಿನ್ ಎರಡರ ಎಳೆತ ಒಂದಕ್ಕೊಂದು ವಿರುದ್ಧ. ಇಲಿಗಳಿಗೆ ಐಸೋಫ್ಲುರೇನ್ ಸ್ವಲ್ಪವೇ ಕೊಟ್ಟು, ಜೊತೆಗೆ ಮೆಡೆಟೊಮಿಡಿನ್ ಸೇರಿಸುವ ಪದ್ಧತಿ ಯಾಕೆ ಬಂತು ಎಂದು ಈಗ ನನಗೆ ಅರ್ಥವಾಗುತ್ತಿದೆ.

ಗುರುವಾರ ಐಸೋಫ್ಲುರೇನ್ ತುಂಬಾ ಏರಿಸಿದೆ. ಡೋಸ್ ಜಾಸ್ತಿಯಾದರೆ ಮಿದುಳು ಕೆಲವು ಸೆಕೆಂಡು ಪೂರ್ತಿ ಮೌನ, ಆಮೇಲೆ ಒಮ್ಮೆಲೇ ಸಿಡಿತ, ಮತ್ತೆ ಮೌನ. ಇದನ್ನು ಕೋಡ್‌ಗೆ ಹಾಕಿದಾಗ ಮಿದುಳಿನ ಯಾವ ಭಾಗಗಳ ಸಿಗ್ನಲ್ ಒಟ್ಟಿಗೆ ಏರಿಳಿಯುತ್ತದೆ ಎಂದು ತೋರಿಸುವ ಸಂಬಂಧದ ನಕ್ಷೆಯೆಲ್ಲ ಕೆಂಪಾಯಿತು. ಎಲ್ಲ ಭಾಗಗಳೂ ಒಂದರ ಜೊತೆ ಒಂದು ಮಾತಾಡುತ್ತಿರುವ ಹಾಗೆ. ನಾನು ಅವುಗಳ ನಡುವೆ ಒಂದೂ ತಂತಿ ಎಳೆದಿರಲಿಲ್ಲ, ಸಿಡಿತವೊಂದೇ ಎಲ್ಲಕ್ಕೂ ಸಮಾನ. ಈ ನಕ್ಷೆಯನ್ನು ಅಳಿಸದೆ ಇಟ್ಟುಕೊಂಡಿದ್ದೇನೆ.

ಮುಂದಿನ ವಾರ ಉಸಿರು ಸೇರಿಸಬೇಕು. ಉಸಿರು ನಿಧಾನವಾದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಅದರಿಂದಲೂ ಮಿದುಳಿನ ನಾಳ ಹಿಗ್ಗುತ್ತದೆ. ಮೈ ಬಿಸಿ ಇಳಿಯುವುದೂ ಬಾಕಿ ಇದೆ. ಮೊದಲು ಉಸಿರು.