ಕಜಾನ್: ಕೋಟೆಗಿಂತ ಹೆಚ್ಚು ಹೊತ್ತು ಬೇಡುವ ಕೇರಿ

ರಷ್ಯಾದೊಳಗಿನ ತಾತಾರ್ ಜನರ ಗಣರಾಜ್ಯವಾದ ತಾತಾರ್‌ಸ್ತಾನದ ರಾಜಧಾನಿ ಕಜಾನ್‌ನಲ್ಲಿ ನಾವು ಮಾಡಿದ ತಪ್ಪೆಂದರೆ, ಕ್ರೆಮ್ಲಿನ್ ಕೋಟೆಗೆ ಇಡೀ ದಿನವನ್ನು ಕೊಟ್ಟು ಹಳೆಯ ತಾತಾರ್ ಕೇರಿಗೆ ಸಂಜೆಯ ಒಂದು ಗಂಟೆಯನ್ನಷ್ಟೇ ಉಳಿಸಿಕೊಂಡದ್ದು. ಮರುದಿನ ಬೆಳಿಗ್ಗೆ ಮತ್ತೆ ಅಲ್ಲಿಗೇ ಹೋಗಬೇಕಾಯಿತು.

ಮಾಸ್ಕೋದಿಂದ ರಾತ್ರಿ ರೈಲು ಹತ್ತಿದರೆ ಸುಮಾರು 12 ಗಂಟೆಯ ಪ್ರಯಾಣ. ಭಾರತದ ಬ್ಯಾಂಕುಗಳು ಕೊಡುವ ವೀಸಾ, ಮಾಸ್ಟರ್‌ಕಾರ್ಡ್‌ಗಳು ರಷ್ಯಾದಲ್ಲಿ ನಡೆಯುವುದಿಲ್ಲವಾದ್ದರಿಂದ ಇಡೀ ಪ್ರವಾಸದ ಖರ್ಚನ್ನು ಡಾಲರ್ ಅಥವಾ ಯೂರೋ ನೋಟುಗಳಲ್ಲಿ ಕೊಂಡೊಯ್ದು, ಅಲ್ಲಿನ ಬ್ಯಾಂಕಿನಲ್ಲಿ ರೂಬಲ್ ಮಾಡಿಸಿಕೊಳ್ಳುವುದು ಕ್ಷೇಮ.

ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಕ್ರೆಮ್ಲಿನ್‌ನಲ್ಲಿ ಕಣ್ಣಿಗೆ ಮೊದಲು ಬೀಳುವ, ನೀಲಿ ಗುಮ್ಮಟದ ಕುಲ್ ಶರೀಫ್ ಮಸೀದಿ ತೆರೆದದ್ದು 2005ರಲ್ಲಿ. 1552ರಲ್ಲಿ ರಷ್ಯಾದ ದೊರೆ ನಾಲ್ಕನೆಯ ಇವಾನ್ ತಾತಾರರ ಈ ನಗರವನ್ನು ಗೆದ್ದಾಗ ಅದರ ರಕ್ಷಣೆಯಲ್ಲಿ ಮಡಿದ ಇಮಾಮನ ಹೆಸರನ್ನು ಅದಕ್ಕಿಡಲಾಗಿದೆ. ಒಳಗೆ ಹೋಗುವ ಮಹಿಳೆಯರು ತಲೆಗೆ ಹೊದೆಯಲು ಒಂದು ದುಪಟ್ಟಾ ಇಟ್ಟುಕೊಂಡಿರಬೇಕು. ಸಮೀಪದಲ್ಲಿಯೇ ಸುಮಾರು 58 ಮೀಟರ್ ಎತ್ತರದ, ಕಣ್ಣಿಗೆ ಕಾಣುವಷ್ಟು ವಾಲಿರುವ ಸುಯುಂಬಿಕೆ ಗೋಪುರವಿದೆ. ಇವಾನನನ್ನು ಮದುವೆಯಾಗಲೊಪ್ಪದ ಕಜಾನ್‌ನ ರಾಣಿ ಸುಯುಂಬಿಕೆ ಏಳು ದಿನಗಳಲ್ಲಿ ಏಳು ಅಂತಸ್ತಿನ ಗೋಪುರ ಕಟ್ಟಿಸೆಂದು ಕೇಳಿ, ಅದರ ತುದಿಯಿಂದಲೇ ಹಾರಿಕೊಂಡಳೆಂಬ ಕಥೆಯನ್ನು ಸ್ಥಳಪುರಾಣದಂತೆ ಕೇಳಿ ಆನಂದಿಸಬಹುದು. ಆದರೆ ನಗರ ಸೋಲುವ ಮೊದಲೇ, 1551ರಲ್ಲಿ, ರಾಣಿಯನ್ನು ಮಾಸ್ಕೋಗೆ ಒಯ್ದಿದ್ದರು.

ಗೆದ್ದವರು ತಾತಾರರನ್ನು ಕೋಟೆಯಿಂದ ಹೊರಹಾಕಿದಾಗ ಅವರು ನೆಲೆಗೊಂಡದ್ದು ಕಬಾನ್ ಸರೋವರದ ದಡದಲ್ಲಿ. ಕೋಟೆಯೊಳಗೆ ಅಳಿದುಹೋದದ್ದರ ಮುಂದುವರಿಕೆಯನ್ನು ಕಾಣಬೇಕಾದರೆ ಈ ಕೇರಿಯಲ್ಲಿ ನಿಧಾನವಾಗಿ ನಡೆಯಬೇಕು. ಹಸಿರು, ನೀಲಿ, ಹಳದಿ ಬಣ್ಣದ ಮರದ ಮನೆಗಳ ಕಿಟಕಿ ಚೌಕಟ್ಟುಗಳ ಕೆತ್ತನೆಯನ್ನು ನೋಡುತ್ತ ಸಾಗಿದರೆ ಮರ್ಜಾನಿ ಮಸೀದಿ ಸಿಗುತ್ತದೆ. ರಷ್ಯಾದ ರಾಣಿ ಎರಡನೆಯ ಕ್ಯಾಥರೀನ್‌ಳ ಅನುಮತಿಯಿಂದ 1766ರಿಂದ 1770ರ ನಡುವೆ ಕಟ್ಟಿದ ಇದು, ನಗರವು ಸೋತ ಮೇಲೆ ಇಲ್ಲಿ ಎದ್ದ ಮೊದಲ ಕಲ್ಲಿನ ಮಸೀದಿ. ಮಿನಾರು ಪಕ್ಕದಲ್ಲಿಲ್ಲ, ಛಾವಣಿಯ ನಡುವಿನಿಂದಲೇ ಮೇಲೆದ್ದಿದೆ. ಹೊರಗೋಡೆಯಲ್ಲಿ ಯುರೋಪಿನ ಬರೋಕ್ ಶೈಲಿ, ಒಳಗಿನ ಚಾವಣಿಯಲ್ಲಿ ತಾತಾರರ ಹೂಬಳ್ಳಿ. ಮಿನಾರು ಎತ್ತರವಾಯಿತೆಂದು ದೂರು ಹೋದಾಗ, ತಾನು ಕೊಟ್ಟದ್ದು ನೆಲ, ಆಕಾಶ ತನ್ನ ಅಧೀನದಲ್ಲಿಲ್ಲ ಎಂದು ಕ್ಯಾಥರೀನ್ ಹೇಳಿದಳೆಂಬ ಮಾತು ಇಲ್ಲಿ ಪ್ರಚಲಿತವಾಗಿದೆ. ನಿಜವೋ ಸುಳ್ಳೋ, ಆ ಮಿನಾರಿನ ಕೆಳಗೆ ನಿಂತು ಕೇಳಲು ಚೆನ್ನಾಗಿದೆ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಮೂರು ಮೂಲೆಯ ಇಚ್ಪೊಚ್ಮಾಕ್ ಅನ್ನು ಸಮೋಸವೆಂದು ಭ್ರಮಿಸಬಾರದು, ಅದರಲ್ಲಿ ಆಲೂಗಡ್ಡೆಯೊಂದಿಗೆ ಮಾಂಸವಿರುತ್ತದೆ. ಬೇಯಿಸಿ ಅರೆದ ಆಲೂಗಡ್ಡೆಯನ್ನು ರೊಟ್ಟಿಯೊಳಗಿಟ್ಟು ಮಡಚಿ ಬೆಣ್ಣೆ ಸವರುವ ಕಿಸ್ತಿಬಿ ನಮ್ಮ ಹೊಟ್ಟೆ ಕಾಯಿತು. ಕರಿದ ಹಿಟ್ಟಿನ ತುಣುಕುಗಳನ್ನು ಜೇನಿನಲ್ಲಿ ಕಟ್ಟುವ ಚಕ್-ಚಕ್ ಸಿಹಿಯ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಮೂರನೆಯ ದಿನವಿದ್ದರೆ ಬೋಲ್ಗಾರ್‌ಗೆ ಹೋಗಿ. ಇಲ್ಲಿನ ತಾತಾರರು ತಮ್ಮ ಪೂರ್ವಜರೆಂದು ಎಣಿಸುವ ವೋಲ್ಗಾ ಬಲ್ಗಾರರು 922ರಲ್ಲಿ ಇಸ್ಲಾಂ ಸ್ವೀಕರಿಸಿದ ನೆನಪಿನೊಂದಿಗೆ ಬೆಸೆದುಕೊಂಡಿರುವ ಈ ಹಾಳೂರಿನ ಮಸೀದಿ, ಮಿನಾರುಗಳ ಅವಶೇಷಗಳು ವಿಸ್ತಾರವಾದ ಬಯಲಿನಲ್ಲಿ ಹರಡಿಕೊಂಡಿವೆ; ನೆರಳು ಕಡಿಮೆ, ನಡಿಗೆ ಹೆಚ್ಚು. ಬೇಸಿಗೆಯಲ್ಲಿ ವೋಲ್ಗಾ ನದಿಯ ದೋಣಿಯಲ್ಲಿ ಹೋಗುವುದಾದರೆ, ಹಿಂದಿರುಗುವ ದೋಣಿಯ ಸಮಯವನ್ನು ದಡಕ್ಕಿಳಿದ ಕೂಡಲೇ ವಿಚಾರಿಸಿಟ್ಟುಕೊಳ್ಳಿ.