ಮುತ್ತಜ್ಜಿಗೆ ಹತ್ತು ವರ್ಷ, ಅಪ್ಪನಿಗೆ ಎರಡು

ನಮ್ಮ ಸಾರಿನ ಪುಡಿಯ ಟ್ರೇಡ್ ಮಾರ್ಕ್ ನವೀಕರಣದ ಕಾಗದಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಾಗ, ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲೇ ಹುಟ್ಟಿ ಬೆಳೆದ ಮಗಳು ಪಕ್ಕದಲ್ಲಿದ್ದ ನನ್ನ ರೆಸಿಡೆನ್ಸ್ ಪರ್ಮಿಟ್ಟನ್ನೂ ಓದಿ, "ಅಪ್ಪಾ, ಮುತ್ತಜ್ಜಿಗೆ ಹತ್ತು ವರ್ಷ ಕೊಟ್ಟಿದ್ದಾರೆ, ನಿಂಗೆ ಎರಡೇ ವರ್ಷನಾ?" ಎಂದಳು. ಮೊದಲು ನಗು ಬಂತು. ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಬರಲಿಲ್ಲ.

ಪೊಟ್ಟಣದ ಮೇಲಿರುವುದು ನನ್ನ ಅಜ್ಜಿಯ ಹೆಸರು. ತಾಂಜಾನಿಯಾದ 1986ರ ಕಾಯ್ದೆಯ ಪ್ರಕಾರ ಮೊದಲ ನೋಂದಣಿ ಅರ್ಜಿ ಹಾಕಿದ ದಿನದಿಂದ ಏಳು ವರ್ಷ ಊರ್ಜಿತದಲ್ಲಿರುತ್ತದೆ. ಆಮೇಲೆ ಹತ್ತು ಹತ್ತು ವರ್ಷಕ್ಕೆ ಶುಲ್ಕ ಕಟ್ಟುತ್ತಾ ಹೋದರೆ ಅದಕ್ಕೆ ಕೊನೆಯೆಂಬುದಿಲ್ಲ. ಬ್ರೆಲಾ ಎಂದು ಇಲ್ಲಿನವರು ಕರೆಯುವ ನೋಂದಣಿ ಸಂಸ್ಥೆಯು ಅರ್ಜಿಯನ್ನು ಪರಿಶೀಲಿಸಿ, ಪ್ರಕಟಿಸಿ, ಆಕ್ಷೇಪಣೆಗೆ 60 ದಿನ ಬಿಡುತ್ತದೆ. ಒಂದು ಅರ್ಜಿಗೆ ಸರಕುಗಳ ಒಂದೇ ವರ್ಗವಾದ್ದರಿಂದ 30ನೇ ವರ್ಗದ ಸಾರಿನ ಪುಡಿಗೊಂದು, 29ನೇ ವರ್ಗದ ಉಪ್ಪಿನಕಾಯಿಗೊಂದು ಎಂದು ಎರಡೆರಡು ಸಲ ದುಡ್ಡು ತೆರಬೇಕು. ಇಷ್ಟೆಲ್ಲ ಮಾಡಿದರೂ ಜಾಂಜಿಬಾರ್‌ನಲ್ಲಿ ಆ ಹೆಸರಿಗೆ ರಕ್ಷಣೆ ಸಿಗುವುದಿಲ್ಲ. 1964ರಲ್ಲಿ ತಾಂಗಾನಿಕಾ ಮತ್ತು ಜಾಂಜಿಬಾರ್ ಸೇರಿ ಒಂದೇ ದೇಶವಾದರೂ ಟ್ರೇಡ್ ಮಾರ್ಕ್ ಎಂಬುದು ಎರಡೂ ಕಡೆಗೆ ಒಂದೇ ಕಾನೂನಿರುವ 'ಒಕ್ಕೂಟದ ವಿಷಯ'ಗಳ ಪಟ್ಟಿಗೆ ಸೇರಲಿಲ್ಲ. ದ್ವೀಪಕ್ಕೆ ತನ್ನದೇ ಕಾಯ್ದೆ, ತನ್ನದೇ ರಿಜಿಸ್ಟರ್. ಲವಂಗ ಬೆಳೆಯುವವರಿಗೇ ಮಸಾಲೆ ಮಾರಲು ಹೊರಟವರು ಅಷ್ಟಾದರೂ ತೆರಬೇಡವೇ ಎಂಬುದು ನನ್ನ ಹೆಂಡತಿಯ ಟೀಕೆ.

ನನ್ನ ಪರ್ಮಿಟ್ ನವೀಕರಣವಾಗದೆ ನಾವು ಗಂಟುಮೂಟೆ ಕಟ್ಟಬೇಕಾಗಿ ಬಂದರೂ ಅಜ್ಜಿಯ ಹೆಸರು ಈ ರಿಜಿಸ್ಟರಿನಲ್ಲಿ ಉಳಿಯಬಲ್ಲದು, ಏಕೆಂದರೆ ಮಾರ್ಕಿನ ಒಡೆಯನು ಇಲ್ಲೇ ವಾಸವಾಗಿರಬೇಕೆಂಬ ನಿಯಮವಿಲ್ಲ. ತೀರ್ಥಹಳ್ಳಿಯ ಆಚೆಗೆ ಶಿವಮೊಗ್ಗವನ್ನಷ್ಟೇ ಕಂಡಿದ್ದ ಅಜ್ಜಿ, ಕೊತ್ತಂಬರಿಯನ್ನು ಒಂದೇ ಹದದಲ್ಲಿ ಹುರಿದು, ಪುಡಿಯನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಬಾಳೆನಾರಿನಿಂದ ಬಿಗಿದು ಕೊಡುತ್ತಿದ್ದಳು. ಅದರ ಮೇಲೆ ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ.

ಆಕೆ ಹೋದ ಮೇಲೆ ದೊಡ್ಡಪ್ಪನ ಮೂವರು ಮಕ್ಕಳು ಹಿಸ್ಸೆಯಾಗಿ, ಈಗ ಒಂದೇ ಬೀದಿಯಲ್ಲಿ ಅದೇ ಹೆಸರಿನ ಮೂರು ಅಂಗಡಿಗಳಿವೆ: ಒಬ್ಬನ ಬೋರ್ಡಿನಲ್ಲಿ 'ಮೂಲ', ಇನ್ನೊಬ್ಬನದರಲ್ಲಿ 'ಅಸಲಿ', ಮೂರನೆಯವನದರಲ್ಲಿ ಅಜ್ಜಿಯ ಫೋಟೊ. ನೋಂದಣಿ ಮಾತ್ರ ಯಾರೂ ಮಾಡಿಸಿಲ್ಲ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬಂದರೂ ಅಲ್ಲಿಗೆ ಅಲೆಯಬೇಕಾಗಿಲ್ಲ, ಸಣ್ಣ ಉದ್ದಿಮೆಗೆ ಆನ್‌ಲೈನ್ ಶುಲ್ಕ 4,500 ರೂಪಾಯಿ ಎಂದು ನಾನು ವಿವರಿಸಿದಾಗ ದೊಡ್ಡವನು, "ಅಜ್ಜಿ ಯಾರು ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ ಮಾರಾಯಾ? ಅದಕ್ಕೆಲ್ಲ ಸರ್ಕಾರದ ಕಾಗದ ಯಾಕೆ?" ಎಂದಿದ್ದ. ಪ್ರತಿ ಎರಡು ವರ್ಷಕ್ಕೊಮ್ಮೆ ತಾನು ಯಾರೆಂಬುದನ್ನು ಕಾಗದದಲ್ಲಿ ತೋರಿಸಿಕೊಳ್ಳುವ ನನಗೆ ಆ ನಿಶ್ಚಿಂತೆಯ ಮೇಲೆ ಹೊಟ್ಟೆಕಿಚ್ಚೂ ಇದೆ, ಸಿಟ್ಟೂ ಇದೆ.

ಮೊನ್ನೆ ಅವನೇ ಫೋನು ಮಾಡಿದ. ಹೊರ ಜಿಲ್ಲೆಯ ಯಾರೋ ಅದೇ ಹೆಸರಿಗೆ 30ನೇ ವರ್ಗದಲ್ಲಿ ಹಾಕಿದ ಅರ್ಜಿ ಪ್ರಕಟವಾಗಿದೆಯಂತೆ. ಪ್ರಕಟಣೆಯ ದಿನದಿಂದ ನಾಲ್ಕು ತಿಂಗಳೊಳಗೆ ವಿರೋಧ ಸಲ್ಲಿಸಬೇಕು, ಮೂವರೂ ಒಟ್ಟಾಗಿ ಸಹಿ ಹಾಕಿದರೆ ಒಳ್ಳೆಯದು ಎಂದೆ. "ಮೂವರೂ ಒಟ್ಟಿಗಾ?" ಎಂದು ಕೇಳಿ ಸುಮ್ಮನಾದ, ಉಳಿದಿಬ್ಬರಿಗೆ ಫೋನು ಮಾಡುವ ಕೆಲಸ ನನ್ನ ಪಾಲಿಗೇ ಬಂದಿದೆ.