ಇನ್ನೂ ನುಡಿಸುತ್ತಿದ್ದಾರಲ್ಲ

ಕಳೆದ ಶನಿವಾರ ಮ್ಯಾನ್‌ಹಟನ್ನಿನ ಈಸ್ಟ್ ವಿಲೇಜಿನ ಹಳೆಯ ರೆಕಾರ್ಡ್ ಅಂಗಡಿಯೊಂದರಲ್ಲಿ ನನ್ನ ಕಿವಿಗೆ ಬಿದ್ದ ಎರಡು ಮಾತುಗಳು ಈ ವಾರವೆಲ್ಲ ನನ್ನ ಬೆನ್ನು ಬಿಟ್ಟಿಲ್ಲ. "ಇದು ಇಲ್ಲಿಗೇ ಮುಗಿಯಬೇಕು" ಎಂದವರು ಎಪ್ಪತ್ತರ ಆಸುಪಾಸಿನ ಒಬ್ಬ ಗೃಹಸ್ಥರು. "ಅವರು ಇನ್ನೂ ನುಡಿಸುತ್ತಿದ್ದಾರಲ್ಲ" ಎಂದವಳು ಕೌಂಟರಿನ ಹಿಂದೆ ನಿಂತು ಬೆಲೆಯ ಚೀಟಿ ಅಂಟಿಸುತ್ತಿದ್ದ, ಇನ್ನೂ ಇಪ್ಪತ್ತೈದು ತುಂಬಿರದ ಹುಡುಗಿ. ಇಬ್ಬರೂ ದನಿ ಏರಿಸಲಿಲ್ಲ. ಆ ಇಬ್ಬರಲ್ಲಿ ಯಾರ ಪಕ್ಷ ವಹಿಸಬೇಕೆಂಬುದು ಮಾತ್ರ ಮನೆಗೆ ಮರಳುವ ರೈಲಿನಲ್ಲಿಯೂ, ಮರುದಿನ ತರಕಾರಿ ಕೊಳ್ಳುವಾಗಲೂ ನನ್ನನ್ನು ಕಾಡುತ್ತಲೇ ಇತ್ತು.

ಅಂಗಡಿಯಲ್ಲಿ ಹಾಕಿದ್ದು ಎಪ್ಪತ್ತರ ದಶಕದ ನ್ಯೂಯಾರ್ಕಿನ ರಾಕ್ ತಂಡ ಟೆಲಿವಿಷನ್‌ನ 'ಮಾರ್ಕೀ ಮೂನ್'. (ನ್ಯೂಜೆರ್ಸಿಯ ನನ್ನ ಕನ್ನಡದ ಗೆಳೆಯರ ಮುಂದೆ ಈ ತಂಡದ ಹೆಸರೆತ್ತಿದರೆ ಯಾವ ಕಂಪನಿಯದು, ಎಷ್ಟು ಇಂಚಿನದು ಎಂಬ ವಿಚಾರಣೆ ಶುರುವಾಗುತ್ತದೆ, ಆದ್ದರಿಂದ ಇಂಥ ಸಂಕಟಗಳನ್ನು ಬರೆದು ತೀರಿಸಿಕೊಳ್ಳುವುದೇ ಮೇಲು.) 1977ರ ಫೆಬ್ರವರಿಯಲ್ಲಿ ಎಲೆಕ್ಟ್ರಾ ಸಂಸ್ಥೆ ಹೊರತಂದ ಈ ಆಲ್ಬಮ್ಮಿನ ಶೀರ್ಷಿಕೆ ಗೀತೆ ಎಲ್‌ಪಿ ತಟ್ಟೆಯ ಮೊದಲ ಬದಿಯ ಕೊನೆಯಲ್ಲಿದೆ. ಅದು ಅಲ್ಲಿ ಹತ್ತು ನಿಮಿಷಕ್ಕೆ ಎರಡು ಸೆಕೆಂಡು ಕಡಿಮೆಯಿರುವಾಗ ಮೆಲ್ಲನೆ ಕ್ಷೀಣಿಸಿ ಮರೆಯಾಗುತ್ತದೆ. 2003ರಲ್ಲಿ ಮರುಮುದ್ರಣಗೊಂಡ ಸಿಡಿಯಲ್ಲಿ ಆ ಕ್ಷೀಣಿಸುವಿಕೆಯನ್ನು ತೆಗೆದುಹಾಕಿ, ಧ್ವನಿಮುದ್ರಣದ ಉಳಿದ ಭಾಗವನ್ನು ಹಿಂದಿರುಗಿಸಿದರು. ಅದರಲ್ಲಿ ಹಾಡು ಹತ್ತು ನಿಮಿಷ ನಲವತ್ತು ಸೆಕೆಂಡಿನಷ್ಟು ಉದ್ದವಾಗಿದೆ. ಜಗಳ ನಡೆದದ್ದು ಈ ನಲವತ್ತು ಚಿಲ್ಲರೆ ಸೆಕೆಂಡುಗಳ ಮೇಲೆ.

ಆ ಹಿರಿಯರು ಎಡಗೈಯಲ್ಲಿ ಅದೇ ಆಲ್ಬಮ್ಮಿನ ಹಳೆಯ ಪ್ರತಿಯೊಂದನ್ನು ಎದೆಗವಚಿಕೊಂಡಿದ್ದರು. ಅದರ ಮೂಲೆಗಳು ಸವೆದು ದುಂಡಗಾಗಿದ್ದವು. ಒಳಗಿನ ತಟ್ಟೆಯ ವೃತ್ತ ಹೊದಿಕೆಯ ಮೇಲೆ ಬಿಳಿಯ ಉಂಗುರದಂತೆ ಮೂಡಿತ್ತು. ಹಾಡು ಕೊನೆಯ ಚರಣವನ್ನು ದಾಟಿ ಮೊದಲಿನ ಗತಿಗೆ ಹಿಂದಿರುಗಿದಾಗ ಅವರ ಬಲಗೈ ತಾನಾಗಿಯೇ ಮೇಲೆದ್ದಿತು. ಅಂಗೈ ನೆಲದ ಕಡೆಗಿತ್ತು. ಎಷ್ಟೋ ವರ್ಷಗಳಿಂದ ಆ ಸ್ಥಳದಲ್ಲಿ ಸದ್ದು ಎಷ್ಟು ನಿಧಾನವಾಗಿ ಇಳಿಯುತ್ತದೆಂದು ಬಲ್ಲವರಾದ್ದರಿಂದ ಅಷ್ಟೇ ನಿಧಾನವಾಗಿ ಅವರು ಕೈಯನ್ನು ಇಳಿಸುತ್ತ ಬಂದು, ಕೌಂಟರಿನ ಗಾಜಿನ ಮೇಲೆ ಇರಿಸಿದರು. ಕೈ ಗಾಜನ್ನು ಮುಟ್ಟಿತು, ಗಿಟಾರುಗಳು ನಿಲ್ಲಲಿಲ್ಲ. ಆಗಲೇ ಅವರು "ಇದು ಇಲ್ಲಿಗೇ ಮುಗಿಯಬೇಕು" ಎಂದದ್ದು. ಹುಡುಗಿ ತಲೆಯೆತ್ತದೆಯೇ "ಅವರು ಇನ್ನೂ ನುಡಿಸುತ್ತಿದ್ದಾರಲ್ಲ" ಎಂದಳು.

ಹುಡುಗಿಯ ಮಾತಿನಲ್ಲಿ ಉಡಾಫೆಯೇನೂ ಇರಲಿಲ್ಲವೆಂದು ನನಗೆ ಈಗಲೂ ಅನಿಸುತ್ತದೆ. ಕಿವಿಗೆ ಬಿದ್ದದ್ದನ್ನು ಆಕೆ ಹೇಳಿದಳು, ಅಷ್ಟೆ. ಉಡಾಫೆಯಿದ್ದದ್ದು ಪಕ್ಕದಲ್ಲಿ ನಿಂತಿದ್ದ ಚರ್ಮದ ಜಾಕೆಟ್ಟಿನ ಮಧ್ಯವಯಸ್ಕನಲ್ಲಿ. ಈ ಬಗೆಯವರು ಎಲ್ಲ ರೆಕಾರ್ಡ್ ಅಂಗಡಿಗಳಲ್ಲಿಯೂ ಒಬ್ಬರಾದರೂ ಇರುತ್ತಾರೆ. ಈ ಆಲ್ಬಂ ಅಮೆರಿಕದ ಹೆಚ್ಚು ಮಾರಾಟವಾಗುವ ಆಲ್ಬಮ್ಮುಗಳ ಬಿಲ್‌ಬೋರ್ಡ್ 200 ಪಟ್ಟಿಗೆ ಕಾಲಿಡಲೇ ಇಲ್ಲ, ಬ್ರಿಟನ್ನಿನವರು ಮಾತ್ರ ಇದನ್ನು ಗುರುತಿಸಿ ತಮ್ಮ ಪಟ್ಟಿಯ 28ನೆಯ ಸ್ಥಾನದವರೆಗೆ ಕೊಂಡೊಯ್ದರು, ಅಲ್ಲಿಯ ಎನ್‌ಎಂಇ ಎಂಬ ಸಂಗೀತ ಪತ್ರಿಕೆಯಲ್ಲಿ ವಿಮರ್ಶಕ ನಿಕ್ ಕೆಂಟ್ ಇದನ್ನು ಹಾಡಿ ಹೊಗಳಿದ್ದ ಎಂದು ಆತ ಯಾರೂ ಕೇಳದಿದ್ದರೂ ವಿವರಿಸತೊಡಗಿದ. ಎಲ್ಲವೂ ನಿಜವೇ. ಆದರೆ ಈ ತಂಡದ ಅಭಿಮಾನಿಗಳಲ್ಲಿ ಹಲವರು ಆ ಸೋಲನ್ನೇ ತಮ್ಮ ಎದೆಯ ಪದಕವನ್ನಾಗಿ ಧರಿಸಿಕೊಂಡಿರುವುದನ್ನು ಕಂಡರೆ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಯಾರೂ ಕೊಳ್ಳದಿದ್ದಾಗ ನಾವು ಕೊಂಡೆವು ಎಂಬುದು ಕೊಂಡವರ ಕುರಿತ ಹೊಗಳಿಕೆಯೇ ಹೊರತು ಹಾಡಿನ ಕುರಿತದ್ದಲ್ಲ. ಆ ಹಿರಿಯರು ಅಂಥ ಒಂದು ಮಾತನ್ನೂ ಆಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ಹಾಡು ಎಲ್ಲಿ ನಿಲ್ಲುತ್ತದೆಂಬುದು ಮಾತ್ರ.

ಆ ಜಾಗದಿಂದ ಬೋವರಿ ಬೀದಿಯ 315ನೆಯ ಕಟ್ಟಡಕ್ಕೆ ನಡೆದೇ ಹೋಗಬಹುದು. ಹಿಲಿ ಕ್ರಿಸ್ಟಲ್ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಸಂಗೀತಕ್ಕೆಂದು ತೆರೆದ ಸಿಬಿಜಿಬಿ ಎಂಬ ಮಬ್ಬುಗತ್ತಲೆಯ ಕ್ಲಬ್ಬಿನಲ್ಲಿ ಈ ತಂಡದವರು 1974ರ ಮಾರ್ಚ್ ಕೊನೆಯಲ್ಲಿ ಮೊದಲ ಸಲ ನುಡಿಸಿದರು. ಆನಂತರ ಅಲ್ಲಿ ನುಡಿಸಲು ಬಂದ ತಂಡಗಳ ಸಾಲು ಎಲ್ಲರಿಗೂ ಗೊತ್ತೇ ಇದೆ. ಕ್ಲಬ್ಬು 2006ರ ಅಕ್ಟೋಬರಿನಲ್ಲಿ ಮುಚ್ಚಿತು, ಮುಂದೆ ಅಲ್ಲಿ ದುಬಾರಿ ಉಡುಪಿನ ಮಳಿಗೆಯೊಂದು ಬಂತು. ಡೆಲವೇರಿನ ಶಾಲೆಯೊಂದರಲ್ಲಿ ಸಹಪಾಠಿಗಳಾಗಿದ್ದ ಥಾಮಸ್ ಮಿಲ್ಲರ್ ಮತ್ತು ರಿಚರ್ಡ್ ಮೇಯರ್ಸ್ ಇದೇ ಊರಿಗೆ ಬಂದು ಟಾಮ್ ವರ್ಲೇನ್, ರಿಚರ್ಡ್ ಹೆಲ್ ಎಂದು ಹೆಸರು ಬದಲಾಯಿಸಿಕೊಂಡು, ಮೊದಲಿನವನು ಗಿಟಾರು, ಎರಡನೆಯವನು ಬೇಸ್ ಗಿಟಾರು ಹಿಡಿದು ಈ ತಂಡ ಕಟ್ಟಿದ್ದು, 1975ರಲ್ಲಿ ಹೆಲ್ ಹೊರನಡೆದು ಬ್ಲಾಂಡಿ ತಂಡದಲ್ಲಿದ್ದ ಫ್ರೆಡ್ ಸ್ಮಿತ್ ಬೇಸ್ ಗಿಟಾರ್ ಹಿಡಿದದ್ದು, ಇವೆಲ್ಲ ಅಭಿಮಾನಿಗಳಿಗೆ ಬಾಯಿಪಾಠ. ಅವರು ಅಷ್ಟಾಗಿ ಹೇಳದಿರುವುದು ಇನ್ನೊಬ್ಬ ಗಿಟಾರ್ ವಾದಕ ರಿಚರ್ಡ್ ಲಾಯ್ಡ್ ಬಗ್ಗೆ. ಶೀರ್ಷಿಕೆ ಗೀತೆಯ ಎರಡನೆಯ ಪಲ್ಲವಿಯ ಬಳಿಕ ಬರುವ ಚುಟುಕಾದ, ಎಣಿಸಿಟ್ಟಂಥ ಏಕವಾದನ ಅವನದು. ಮೂರನೆಯ ಪಲ್ಲವಿಯ ಬಳಿಕ ಬರುವ ಆ ನೀಳವಾದ ಅಲೆದಾಟ ವರ್ಲೇನನದು. ಯಾವ ಭಾಗವನ್ನು ಯಾರು ನುಡಿಸಿದರೆಂದು ಆಲ್ಬಮ್ಮಿನಲ್ಲಿಯೇ ಅಚ್ಚಾಗಿದೆ. ಆದರೂ ಹೊಗಳಿಕೆಯೆಲ್ಲ ಒಬ್ಬನ ಪಾಲಿಗೇ ಹರಿದುಹೋಗುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಹಾಡಿನ ಆರಂಭದಲ್ಲಿ ಒಂದು ಗಿಟಾರು ಎರಡೇ ಹೆಜ್ಜೆಯಲ್ಲಿ ಬಾಗಿಲು ತಟ್ಟಿದಂತೆ ನುಡಿಯುತ್ತಿರುವಾಗ, ಇನ್ನೊಂದು ಅದರ ಸಂದಿಯಲ್ಲಿ ಸರಕ್ಕನೆ ನುಸುಳಿ ಹೋಗುತ್ತದೆ. ಅವುಗಳಲ್ಲಿ ಯಾವುದಾದರೊಂದನ್ನು ತೆಗೆದರೂ ಅಲ್ಲಿ ಹಾಡೇ ಉಳಿಯುವುದಿಲ್ಲ. ಬ್ಲೂಸಿನ ಮೇಲೆ ಕಟ್ಟಿದ ಅಂದಿನ ರಾಕ್ ವಾದನದ ಭಾರ ಇಲ್ಲಿಲ್ಲ, ಪಂಕ್ ಎಂದರೆ ಜನ ಅಂದುಕೊಳ್ಳುವ ಮೂರು ಸ್ವರಗುಚ್ಛಗಳ ಅವಸರವೂ ಇಲ್ಲ.

ಈಗ ಮತ್ತೆ ಆ ಗಾಜಿನ ಮೇಲಿನ ಕೈಗೆ ಬರುತ್ತೇನೆ. ಒಂದು ಕೃತಿ ಮುಗಿದಿದೆಯೆಂದು ಹೇಳುವ ಅಧಿಕಾರ ಯಾರದು? ಹುಡುಗಿಯ ಮಾತನ್ನು ಒಪ್ಪುವುದಾದರೆ ಅದು ನುಡಿಸಿದವರದು, ಅವರು ಎಲ್ಲಿಯವರೆಗೆ ನುಡಿಸಿದರೋ ಅಲ್ಲಿಯವರೆಗೆ ಹಾಡು. ಆದರೆ ಇದೇ ತಂಡದ ಚರಿತ್ರೆ ಅಷ್ಟು ಸರಳವಾಗಿಲ್ಲ. 1976ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಎ ಅಂಡ್ ಆರ್ ಸ್ಟುಡಿಯೋದಲ್ಲಿ ಈ ಹಾಡನ್ನು ಒಂದೇ ಟೇಕಿನಲ್ಲಿ ಮುದ್ರಿಸಿಕೊಂಡಾಗ, ಡ್ರಮ್ಸ್ ನುಡಿಸುತ್ತಿದ್ದ ಬಿಲ್ಲಿ ಫಿಕಾ ಅದನ್ನು ಪೂರ್ವಾಭ್ಯಾಸವೆಂದೇ ತಿಳಿದಿದ್ದ. ಧ್ವನಿಮುದ್ರಣದ ಹೊಣೆ ಹೊತ್ತಿದ್ದ ಆ್ಯಂಡಿ ಜಾನ್ಸ್ ಇನ್ನೊಂದು ಟೇಕ್ ಮಾಡೋಣವೆಂದರೆ ವರ್ಲೇನ್ ಬೇಡವೆಂದ. ನುಡಿಸುತ್ತಿದ್ದವನಿಗೇ ಇನ್ನೂ ಶುರುವಾಗಿರದ ಹಾಡು ಪಕ್ಕದಲ್ಲಿದ್ದವನಿಗೆ ಆಗಲೇ ಮುಗಿದಿತ್ತು. ಹೊದಿಕೆಯ ಚಿತ್ರದ ಕಥೆಯೂ ಹೀಗೆಯೇ. ರಾಬರ್ಟ್ ಮೇಪಲ್‌ಥಾರ್ಪ್ ತೆಗೆದ ಫೋಟೋವನ್ನು ಲಾಯ್ಡ್ ಟೈಮ್ಸ್ ಸ್ಕ್ವೇರಿನ ಅಂಗಡಿಯೊಂದಕ್ಕೆ ಒಯ್ದು ಬಣ್ಣದ ಜೆರಾಕ್ಸ್ ಮಾಡಿಸಿದ. ಬಣ್ಣ ಕದಡಿದ ಆ ನಕಲೇ ತಂಡದವರಿಗೆ ಮೂಲಕ್ಕಿಂತ ಇಷ್ಟವಾಯಿತು, ಅದೇ ಹೊದಿಕೆಯಾಯಿತು. ಹಿರಿಯರು ಎದೆಗವಚಿಕೊಂಡಿದ್ದ ಚಿತ್ರದಲ್ಲಿ ವರ್ಲೇನನ ಮುಖ ನೆತ್ತರಿಲ್ಲದವನಂತೆ ಬಿಳಿಚಿಕೊಂಡು ಕೈಗಳ ನರ ಎದ್ದು ಕಾಣುವುದು ಆ ಯಂತ್ರದ ಕರಾಮತ್ತು. ಮೂಲವನ್ನು ಬಿಟ್ಟು ನಕಲನ್ನು ಆರಿಸಿಕೊಂಡವರ ಹಾಡಿಗೆ, ಮೂಲ ಧ್ವನಿಮುದ್ರಣ ಇಷ್ಟುದ್ದ ಇತ್ತೆಂಬ ಒಂದೇ ಕಾರಣಕ್ಕೆ ಬಾಲ ಜೋಡಿಸುವುದು ಎಷ್ಟರ ಮಟ್ಟಿಗೆ ಸರಿ?

ಇಷ್ಟು ಯೋಚಿಸಿದ ಮೇಲೆ ನಾನು ಹಿರಿಯರ ಪಕ್ಷಕ್ಕೆ ವಾಲಿದೆನೆಂದುಕೊಂಡೆ. ಆದರೆ ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಕಂಪ್ಯೂಟರಿನಿಂದ ಮೊದಲ ಬಾರಿಗೆ ಕೇಳಿದ್ದೇ ಉದ್ದದ ಆವೃತ್ತಿಯನ್ನು. ವರ್ಲೇನನ ವಾದನ ಮೆಟ್ಟಿಲು ಮೆಟ್ಟಿಲಾಗಿ ಏರಿ, ನಾಲ್ಕೂ ವಾದ್ಯಗಳು ಒಟ್ಟಾಗಿ ಬಡಿದು, ತುದಿಯಲ್ಲಿ ಎಲ್ಲವೂ ಚಿಲಿಪಿಲಿಯಾಗಿ ಉದುರಿ, ಮತ್ತೆ ಮೊದಲಿನ ಬಾಗಿಲು ತಟ್ಟುವ ಗತಿ ಶುರುವಾದಾಗ, ಅದು ತಾನಾಗಿಯೇ ನಿಲ್ಲುವುದನ್ನು ಕಾದು ಕೇಳಿದ ಕಿವಿ ನನ್ನದು. ಎಲ್‌ಪಿಯಲ್ಲಿ ಅದು ಮಸುಕಾಗಿ ಮರೆಯಾದಾಗ ನನಗೆ ಕರೆಂಟು ಹೋದ ಹಾಗೆಯೇ ಆಗುತ್ತದೆ. ಯಾವುದನ್ನು ಮೊದಲು ಕೇಳಿದೆವೋ ಅದನ್ನೇ ಮೂಲವೆಂದು ನಂಬುವುದರಲ್ಲಿ ನಾನೂ ಆ ಹಿರಿಯರೂ ಒಂದೇ. ವ್ಯತ್ಯಾಸವೆಂದರೆ ಅವರದಕ್ಕೆ ಸವೆದ ಮೂಲೆಗಳ ಸಾಕ್ಷಿಯಿದೆ, ನನ್ನದಕ್ಕೆ ಎಲ್ಲಿಂದ ಬಂತೆಂದು ತಿಳಿಯದ ಒಂದು ಫೈಲು.

ವರ್ಲೇನ್ 2023ರ ಜನವರಿ 28ರಂದು ತೀರಿಕೊಂಡ. ಅವನಿಗೆ 73 ವರ್ಷ. ಆತ ಸ್ಟ್ರ್ಯಾಂಡ್ ಪುಸ್ತಕದಂಗಡಿಯ ಹೊರಗಿನ ಅಗ್ಗದ ಗಾಡಿಗಳನ್ನು ತಡಕುತ್ತಿದ್ದುದನ್ನು ಕಂಡವರು ಈ ಊರಿನಲ್ಲಿ ಅನೇಕರಿದ್ದಾರೆ. ಅವನು ಕೂಡಿಟ್ಟಿದ್ದ ಐವತ್ತು ಸಾವಿರದಷ್ಟು ಪುಸ್ತಕಗಳನ್ನು ಅದೇ ವರ್ಷದ ಆಗಸ್ಟಿನಲ್ಲಿ ಬ್ರೂಕ್ಲಿನ್ನಿನ ಗ್ಯಾರೇಜುಗಳಲ್ಲಿ ಮಾರಾಟಕ್ಕಿಟ್ಟಾಗ ಅಭಿಮಾನಿಗಳು ಸಾಲುಗಟ್ಟಿ ನಿಂತರು. ತಮಗೆ ಆಸಕ್ತಿಯೇ ಇಲ್ಲದ ವಿಷಯದ ಪುಸ್ತಕವನ್ನೂ ಅವನು ಮುಟ್ಟಿದ್ದೆಂಬ ಕಾರಣಕ್ಕೆ ಕೊಳ್ಳುವುದು ನನಗೆ ಹಾಸ್ಯಾಸ್ಪದವೆನಿಸಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಆ ಹಿರಿಯರ ಕೈ ಗಾಳಿಯಲ್ಲಿ ಇಳಿದುಬಂದ ಬಗೆಯನ್ನು ನೋಡಿದ ಮೇಲೆ, ಮೆಚ್ಚುವವನು ಕೃತಿಯ ಒಂದು ಭಾಗವನ್ನು ತನ್ನ ಮೈಯಲ್ಲಿ ಇಟ್ಟುಕೊಂಡಿರುತ್ತಾನೆ, ಅದನ್ನು ಯಾವ ಮರುಮುದ್ರಣವೂ ತಿದ್ದಲಾರದು ಎಂದು ತೋರುತ್ತದೆ.

ಹುಡುಗಿಗೆ ಉತ್ತರ ಕೊಡುವುದಕ್ಕೆ ಬದಲಾಗಿ ಅವರು ಎಲ್‌ಪಿಯ ಹಣ ಕೊಟ್ಟು ಹೊರಟುಹೋದರು. ಎದೆಗವಚಿದ್ದು ಅವರದೇ ಹಳೆಯ ಪ್ರತಿಯೆಂದು ನಾನು ಭಾವಿಸಿದ್ದೆ, ಆದರೆ ಅದು ಅಲ್ಲಿಯ ಮಾಲಾಗಿತ್ತು. ಯಾರೋ ಸವೆಸಿದ್ದನ್ನು ಅವರು ಕೊಂಡರು. ಚರ್ಮದ ಜಾಕೆಟ್ಟಿನವನು ಆಗಲೂ ಮಾತಾಡುತ್ತಲೇ ಇದ್ದ. 1978ರ ಪ್ರವಾಸದ ಕಛೇರಿಗಳ ಧ್ವನಿಮುದ್ರಿಕೆ 'ದಿ ಬ್ಲೋ-ಅಪ್' ಎಂಬ ಹೆಸರಿನಲ್ಲಿ 1982ರಲ್ಲಿ ಕ್ಯಾಸೆಟ್ಟಾಗಿ ಬಂದಿತಲ್ಲ, ಅದರಲ್ಲಿ ಇದೇ ಹಾಡು ಹದಿನಾಲ್ಕು ನಿಮಿಷ ದಾಟುತ್ತದೆ, ಅದರ ಎದುರು ನಿಮ್ಮ ನಲವತ್ತು ಸೆಕೆಂಡು ಯಾವ ಲೆಕ್ಕ ಎಂದು ಬಾಗಿಲ ಕಡೆಗೆ ಕೂಗಿದ. ಹಾಳು ಮನುಷ್ಯ, ಅದೊಂದು ಮಾತನ್ನು ಸರಿಯಾಗಿಯೇ ಹೇಳಿದ. ಹುಡುಗಿ ಅದರ ಹೆಸರನ್ನು ಬೆಲೆಯ ಚೀಟಿಯೊಂದರ ಹಿಂದೆ ಬರೆದುಕೊಂಡು, ಸಿಕ್ಕಿದರೆ ತರಿಸುತ್ತೇನೆ, ಮುಂದಿನ ವಾರ ಬಂದು ನೋಡಿ ಎಂದು ನನಗೆ ಹೇಳಿದಳು.